ಅಲುಗಾಡದೆ ಕೂರಬಲ್ಲವರು

ತಂಗಿಗೆ ಮದುವೆಯಾದಾಗ ಅವಳ ವಯಸ್ಸು ಐವತ್ತನಾಲ್ಕು, ಅಣ್ಣನದು ಅರವತ್ತೊಂದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಇಪ್ಪತ್ತೇಳು ವರ್ಷ ಅವರಿಬ್ಬರೇ ಒಂದು ಮನೆಯಲ್ಲಿದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಬೇಡವೆಂದು ಯಾರೂ ತೀರ್ಮಾನ ಮಾಡಿದ್ದಲ್ಲ, ಸುಮ್ಮನೆ ಹಾಗೇ ಉಳಿದುಹೋಯಿತು.

ಅಣ್ಣ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತನಾದವನು. ಮೂವತ್ತನಾಲ್ಕು ವರ್ಷ ಮನೆಮನೆಗೆ ಹೋಗಿ, ಕಾಂಪೌಂಡಿನ ಮೂಲೆಯಲ್ಲಿ ಬಗ್ಗಿ, ಜೇಡರ ಬಲೆ ಸರಿಸಿ, ಗಾಜಿನ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ ಅಂಕಿ ಬರೆದುಕೊಂಡಿದ್ದ. ಊರಿನವರು ಅವನಿಗೆ ಮೀಟರಪ್ಪ ಎಂದು ಹೆಸರಿಟ್ಟಿದ್ದರು. ಗೇಟಿನ ಸದ್ದಾದರೆ ಮಕ್ಕಳು ಇಣುಕಿ ನೋಡಿ, “ಅಮ್ಮಾ, ಮೀಟರ್ ಬಂತು” ಎಂದು ಕೂಗುತ್ತಿದ್ದವು. ‘ಬಂದರು’ ಅಲ್ಲ, ‘ಬಂತು’. ಅವನಿಗೆ ಅದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಸಂಜೆ ಮನೆಗೆ ಬಂದು, “ಇವತ್ತು ನೂರಾ ಹತ್ತು ಮನೆಗೆ ಬಂತು ಕಣೇ ನಿನ್ನ ಅಣ್ಣ” ಎಂದು ತಂಗಿಯನ್ನು ನಗಿಸುತ್ತಿದ್ದ.

ತಂಗಿಗೆ ಅವನು ಕರೆಯುತ್ತಿದ್ದುದು ಪುಟ್ಟಿ ಎಂದು. ತಲೆ ನರೆತ ಮೇಲೂ ಅವಳು ಪುಟ್ಟಿಯೇ. ಅವಳು ಹೊಲಿಗೆಯವಳು. ಶಾಲೆಗಳ ನಾಟಕಕ್ಕೆ, ನೃತ್ಯ ಶಾಲೆಯ ಕಾರ್ಯಕ್ರಮಕ್ಕೆ ಉಡುಪು ಹೊಲಿಯುವುದರಲ್ಲಿ ಊರಿಗೇ ಹೆಸರಾಗಿದ್ದಳು. ರಾಜನ ನಿಲುವಂಗಿಯೋ ಸೇನಾಪತಿಯ ಕೋಟೋ ಅರ್ಧ ಹೊಲಿದಾದ ಮೇಲೆ ಅದನ್ನು ತೊಟ್ಟು ನಿಲ್ಲುವ ಕೆಲಸ ಮೀಟರಪ್ಪನದು. ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಸುತ್ತ ತಿರುಗುತ್ತ, “ಅಲುಗಾಡಬೇಡ, ಚುಚ್ಚುತ್ತೆ” ಎಂದು ಹಲ್ಲಿನ ಸಂದಿಯಲ್ಲೇ ಗದರುತ್ತಿದ್ದಳು. ಹಾಗಾಗಿ ನಿವೃತ್ತನಾಗುವಷ್ಟರಲ್ಲಿ ಮೀಟರಪ್ಪ ಎಷ್ಟೋ ರಾಜ್ಯಗಳನ್ನು ಆಳಿ ಮುಗಿಸಿದ್ದ.

ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗದಂತಾದಾಗ ಕಣ್ಣು ತೋರಿಸಿಕೊಳ್ಳಲು ಹೋದಳು. ಬಸ್ಸಿನಲ್ಲಿ ಎರಡು ಗಂಟೆ ದೂರದ ಪಟ್ಟಣದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರೊಬ್ಬರು ಪ್ರತಿ ಗುರುವಾರ ಈ ಊರಿಗೆ ಬಂದು, ಔಷಧಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಅವರ ಹೆಂಡತಿ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಮೊದಲ ಗುರುವಾರ ತಂಗಿ ಕನ್ನಡಕ ಮಾಡಿಸಿಕೊಂಡು ಬಂದಳು. ಎರಡನೇ ಗುರುವಾರ, “ಕಿವಿ ಹತ್ತಿರ ಬಿಗಿಯಾಗ್ತಿದೆ” ಎಂದು ಹೋದಳು. ಆಮೇಲೆ ಸಡಿಲವಾಯಿತು. ಆಮೇಲೆ ಮೂಗಿನ ಮೇಲೆ ಜಾರತೊಡಗಿತು. ನಾಲ್ಕು ತಿಂಗಳಾದರೂ ಆ ಕನ್ನಡಕ ಅವಳ ಮುಖಕ್ಕೆ ಹೊಂದಲಿಲ್ಲ. ಐದನೇ ತಿಂಗಳು ಮೀಟರಪ್ಪನೇ, “ಪುಟ್ಟಿ, ನಿನ್ನ ಮುಖ ಸರಿಯಾಗಿದೆ, ಕನ್ನಡಕಾನೂ ಸರಿಯಾಗಿದೆ. ಹೇಳೋದೇನಾದ್ರೂ ಇದ್ರೆ ಹೇಳು” ಎಂದ. ಅವಳು ಹೊಲಿಗೆ ಮಿಷನ್ನಿನ ಮೇಲೆ ತಲೆ ಇಟ್ಟು ಹುಡುಗಿಯಂತೆ ನಕ್ಕಳು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಯಾಗಿ ರುಜು ಹಾಕಿದವನು ಅವನೇ. ಅರವತ್ತೊಂದನೇ ವಯಸ್ಸಿಗೆ ಮೊದಲ ಸಲ ಒಬ್ಬರನ್ನು ‘ಭಾವ’ ಎಂದು ಕರೆಯುವ ಯೋಗ ಅವನಿಗೆ ಬಂತು. ಅವರೂ ಇವನನ್ನು ‘ಭಾವ’ ಎಂದೇ ಕರೆದರು. ಇಬ್ಬರೂ ಸಂಕೋಚದ ಸ್ವಭಾವದವರಾದ್ದರಿಂದ ಅಲ್ಲಿಂದ ಮುಂದೆ ಮಾತು ಬೆಳೆಯಲಿಲ್ಲ.

ಬಸ್ ಹತ್ತುವಾಗ ತಂಗಿ ಕೇಳಿದಳು: “ಅಣ್ಣ, ನಿಜ ಹೇಳು. ಒಬ್ಬನೇ ಇರೋಕಾಗುತ್ತಾ ನಿನಗೆ?”

“ಏನು ಮಹಾ? ನಿನ್ನ ಮಿಷನ್ ಗಲಾಟೆ ಇಲ್ಲದೆ ನೆಮ್ಮದಿಯಾಗಿ ಕಾಲು ಚಾಚಿಕೊಂಡು ಪೇಪರ್ ಓದ್ತೀನಿ. ಹೋಗು ಹೋಗು.”

ಆ ಮಾತೇ ಆಮೇಲೆ ಅವನ ಕೊರಳಿಗೆ ಬಿತ್ತು. ಚೆನ್ನಾಗಿದ್ದೇನೆ ಎಂದು ಒಮ್ಮೆ ಹೇಳಿಬಿಟ್ಟರೆ ಮತ್ತೆ ದಿನಾ ಅದನ್ನೇ ಹೇಳುತ್ತಿರಬೇಕಾಗುತ್ತದೆ. ತಂಗಿ ಸಂಜೆ ಫೋನ್ ಮಾಡಿದಾಗಲೆಲ್ಲ ಅವನು ಅದನ್ನೇ ಹೇಳಿದ. ಬೇರೆ ಹೇಳುವುದಕ್ಕೆ ಅವನಿಗೆ ಹೆದರಿಕೆಯಿತ್ತು. ಬೇಜಾರು ಎಂಬ ಒಂದು ಮಾತು ಬಾಯಿಂದ ಬಿದ್ದರೆ ಮರುದಿನ ಮೊದಲ ಬಸ್ಸಿಗೇ ಅವಳು ಬಂದಿಳಿಯುವ ಪೈಕಿ. ಅವಳ ಬದುಕಿನಲ್ಲಿ ತಡವಾಗಿ ಬಂದ ಸುಖಕ್ಕೆ ತಾನು ಅಡ್ಡಗಾಲಾಗಬಾರದು ಎಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಮಾಡಲು ಬೇರೇನೂ ತೋಚದೆ, ತನ್ನ ಮನೆಯ ಮೀಟರನ್ನೇ ಬಗ್ಗಿ ಓದಿದ. ತಂಗಿ ಬಟ್ಟೆ ತೊಳೆಯುವುದು, ಗಿಡಕ್ಕೆ ಹಾಕುವುದು ಎಲ್ಲ ಸೇರಿ ತಿಂಗಳಿಗೆ ಒಂಬತ್ತು ಯೂನಿಟ್ ಓಡುತ್ತಿದ್ದದ್ದು ಈಗ ಮೂರಕ್ಕೆ ಇಳಿದಿತ್ತು. ಕೆಲಸದಲ್ಲಿದ್ದಾಗ ಇಂಥ ಅಂಕಿ ಕಂಡರೆ ಪುಸ್ತಕದ ಅಂಚಿನಲ್ಲಿ ‘ಮನೆ ಬೀಗ?’ ಎಂದು ಬರೆಯುವುದು ರೂಢಿ. ಅವನು ಎದ್ದು ನಿಂತು ಮೊಣಕಾಲು ಒರೆಸಿಕೊಂಡು ಒಳಗೆ ಹೋದ.

ತಂಗಿಯ ಮನೆಗೆ ಮೂರು ಸಲ ಹೋಗಿ ಬಂದಿದ್ದ. ಅಲ್ಲಿ ಅವನನ್ನು ಸೋಫಾದ ಮೇಲೆ ಕೂರಿಸಿ, ಅಲಮಾರಿನಿಂದ ತೆಗೆದ ಹೂವಿನ ಚಿತ್ತಾರದ ತಟ್ಟೆಯಲ್ಲಿ ಬಡಿಸಿದರು. “ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿ ಭಾವ” ಎಂದು ಭಾವ ಒತ್ತಾಯ ಮಾಡಿದರು. ತನ್ನ ತಂಗಿ ಮಾಡಿದ ಅಡುಗೆಗೆ ತನಗೇ ಉಪಚಾರ! ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನಿಗೆ ಹೊಟ್ಟೆ ತುಂಬಿತ್ತು, ಬೇರೇನೂ ತುಂಬಿರಲಿಲ್ಲ. ಅದಕ್ಕೇ ನಾಲ್ಕನೇ ಸಲ ತಂಗಿ, “ನಾಳೆ ಭಾನುವಾರ ಬಂದುಬಿಡು” ಎಂದಾಗ, “ನಾಳೆ ಆಗಲ್ಲ, ಕೆಲಸ ಇದೆ” ಎಂದುಬಿಟ್ಟ.

“ಭಾನುವಾರ ಏನು ಕೆಲಸ?”

“ಇದೆ. ಲೈಬ್ರರಿಯಲ್ಲಿ.”

ಸುಳ್ಳನ್ನು ಅರ್ಧದಷ್ಟಾದರೂ ನಿಜ ಮಾಡೋಣವೆಂದು ಮರುದಿನ ಬೆಳಿಗ್ಗೆ ಲೈಬ್ರರಿಗೆ ಹೋದ. ಬಾಗಿಲ ಬಳಿಯ ಹಲಗೆಯ ಮೇಲೆ ಕಳೆದುಹೋದ ಬೆಕ್ಕಿನ ಫೋಟೋ, ಸಂಗೀತ ಪಾಠದ ಚೀಟಿ, ರಕ್ತದಾನದ ಕರೆ, ಇವುಗಳ ನಡುವೆ ದುಂಡಗಿನ ಅಕ್ಷರದ ಒಂದು ಹಾಳೆ ಇತ್ತು: ‘ಭಾನುವಾರದ ಚಿತ್ರ ಬಳಗಕ್ಕೆ ಎದುರು ಕೂರುವವರು ಬೇಕಾಗಿದ್ದಾರೆ. ಅಂದಚೆಂದ ಮುಖ್ಯವಲ್ಲ. ಎರಡು ಗಂಟೆ ಅಲುಗಾಡದೆ ಕೂರಬಲ್ಲವರಾಗಿರಬೇಕು. ಮಹಡಿ ಮೇಲೆ ವಿಚಾರಿಸಿ.’

ಅವನು ಅದನ್ನು ಎರಡು ಸಲ ಓದಿ ಮಹಡಿ ಹತ್ತಿದ.

ಮೇಲೆ ಉದ್ದನೆಯ ಕೋಣೆ. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಗೋಡೆಗೆ ಒತ್ತರಿಸಿ ಹನ್ನೊಂದು ಜನ ಅರ್ಧಚಂದ್ರಾಕಾರದಲ್ಲಿ ಕೂತಿದ್ದರು. ನಡುವೆ ಖಾಲಿ ಕುರ್ಚಿ. ಬಳಗ ನಡೆಸುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ತೋಳಿಗೆಲ್ಲ ಇದ್ದಿಲ ಮಸಿ. ಅವರು ಇವನನ್ನು ಮೇಲಿಂದ ಕೆಳಗೆ ನೋಡಿ, “ಬನ್ನಿ ಬನ್ನಿ, ದೇವರು ಕಳಿಸಿದ ಹಾಗೆ ಬಂದ್ರಿ. ಎರಡು ವಾರದಿಂದ ಹೂಜಿ ಬಿಡಿಸ್ತಾ ಇದ್ದಾರೆ, ಹೂಜಿಗೇ ಬೇಜಾರಾಗಿದೆ” ಎಂದರು.

ಬಳಗದಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಒಬ್ಬಾಕೆ, ಒಬ್ಬ ಬಸ್ ಡ್ರೈವರ್, ಕಾಲೇಜಿನ ಇಬ್ಬರು ಹುಡುಗಿಯರು, ಹಲ್ಲಿನ ಡಾಕ್ಟರರ ನರ್ಸು, ಹೀಗೆ ತರತರದವರಿದ್ದರು. ಮೀಟರಪ್ಪನಿಗೆ ಕೂದಲು ಕತ್ತರಿಸುತ್ತಿದ್ದ ಕ್ಷೌರದಂಗಡಿಯವನೂ ಇದ್ದ. ಅವನು ಕಣ್ಣು ಕಿರಿದು ಮಾಡಿ ನೋಡಿ, “ಅಲ್ಲ ಸಾರ್, ಹದಿನೈದು ವರ್ಷದಿಂದ ಈ ತಲೆ ನನ್ನ ಕೈಯಲ್ಲಿದೆ. ಮುಖ ಇವತ್ತೇ ನೋಡ್ತಿರೋದು ನಾನು” ಎಂದ. ಎಲ್ಲರೂ ನಕ್ಕರು. ಅವನು ನಡುವಿನ ಕುರ್ಚಿಯಲ್ಲಿ ಕೂತ. ಪೆನ್ಸಿಲ್ಲುಗಳು ಕಾಗದ ಗೀರುವ ಸದ್ದು ಮಾತ್ರ.

ಮೊದಲ ಹತ್ತು ನಿಮಿಷ ಅವನಿಗೆ ಎದ್ದು ಓಡಿಹೋಗಬೇಕೆನಿಸಿತು. ಮನೆಮನೆಗೆ ಅಲೆದ ಅಷ್ಟೂ ವರ್ಷ ಜನ ನೋಡಿದ್ದು ಅವನ ಬೆನ್ನನ್ನು. ಈಗ ಹನ್ನೊಂದು ಜೊತೆ ಕಣ್ಣುಗಳು ಅವನ ಕನ್ನಡಕ, ಮೂಗು, ಕೆನ್ನೆ, ಕತ್ತಿನ ನೆರಿಗೆಗಳನ್ನು ಅಳೆಯುತ್ತಿದ್ದವು. ಬೆವರು ಬಂತು, ಒರೆಸಿಕೊಳ್ಳುವಂತಿರಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಏನೋ ಸಡಿಲವಾಯಿತು. ಎದುರಿನ ಕಿಟಕಿಯ ಮೂಲೆಗೆ ಕಣ್ಣು ನೆಟ್ಟು ಕೂತುಬಿಟ್ಟ. ಬಿಡುವಿನಲ್ಲಿ ಟೀ, ಬಿಸ್ಕತ್ತು ಬಂತು. ಜನ ಅವನ ಬಗ್ಗೆ ಅವನ ಎದುರಿಗೇ ಮಾತಾಡಿಕೊಂಡರು.

“ಎಡಗಣ್ಣು ಒಂದು ಕೂದಲೆಳೆ ಕೆಳಗಿದೆ, ನೋಡಿದ್ರಾ?”

“ಕಣ್ಣು ಬಿಡಿ, ಆ ಕಿವಿ ನನ್ನ ಕೈಗೆ ಹತ್ತುತ್ತಲೇ ಇಲ್ಲ.”

“ಕೆನ್ನೆ ಕೆಳಗೆ ಒಳ್ಳೆ ನೆರಳಿದೆ.”

ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡ. ಹೌದು, ಎಡಗಣ್ಣು ಸ್ವಲ್ಪ ಕೆಳಗಿತ್ತು. ಅರವತ್ತೊಂದು ವರ್ಷ ಯಾರೂ ಹೇಳಿರಲಿಲ್ಲ. ಆ ಸಂಜೆ ತಂಗಿ ಫೋನ್ ಮಾಡಿದಾಗ, “ಪುಟ್ಟಿ, ನನ್ನ ಎಡಗಣ್ಣು ಕೆಳಗಿದೆ ಅಂತ ನಿನಗೆ ಗೊತ್ತಿತ್ತಾ?” ಎಂದು ಕೇಳಬೇಕೆಂದು ಬಾಯಿ ತುದಿಗೆ ಬಂದಿತ್ತು. ಕೇಳಲಿಲ್ಲ. “ಲೈಬ್ರರಿ ಕೆಲಸ ಹೇಗಾಯ್ತು?” ಎಂದದ್ದಕ್ಕೆ, “ಪ್ರತಿ ಭಾನುವಾರ ಇರುತ್ತಂತೆ” ಎಂದಷ್ಟೇ ಹೇಳಿದ.

ಹೀಗೆ ಆರು ತಿಂಗಳು ನಡೆಯಿತು. ವಾರವೆಲ್ಲ ಸಣ್ಣದಾಗುತ್ತ ಹೋಗಿ ಭಾನುವಾರ ದೊಡ್ಡದಾಗುತ್ತ ಬಂತು. ಶುಕ್ರವಾರವೇ ಬಿಳಿ ಅಂಗಿ ಒಗೆದು, ಶನಿವಾರ ಇಸ್ತ್ರಿ ಮಾಡಿಡುತ್ತಿದ್ದ. ಶನಿವಾರ ಸಂಜೆ ಗಡ್ಡ ಬೋಳಿಸಿದರೆ ಭಾನುವಾರಕ್ಕೆ ನೆರಳು ಚೆನ್ನಾಗಿ ಬರುತ್ತದೆಂದು ಕ್ಷೌರದಂಗಡಿಯವನು ಹೇಳಿದ್ದ, ಹಾಗೇ ಮಾಡುತ್ತಿದ್ದ. ಹತ್ತು ಗಂಟೆಯ ಬಳಗಕ್ಕೆ ಒಂಬತ್ತೂಕಾಲಿಗೇ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದ.

ಅಲ್ಲಿ ಅವನಿಗೆ ಸ್ನೇಹಿತರಾದರು ಎಂದು ಹೇಳುವಂತಿರಲಿಲ್ಲ. ಎದುರು ಕೂತವನು ಮಾತಾಡಬಾರದು, ಮಾತಾಡಿದರೆ ತುಟಿಯ ಗೆರೆ ಕದಲುತ್ತದೆ. ಅವರು ತಮ್ಮತಮ್ಮಲ್ಲಿ ಅಡುಗೆ ಗ್ಯಾಸು, ಮಕ್ಕಳ ಪರೀಕ್ಷೆ, ಮೈದಾನದಲ್ಲಿ ನಡೆಯುವ ನಾಟಕ, ಇಂಥವುಗಳ ಬಗ್ಗೆ ಮಾತಾಡುತ್ತಿದ್ದರು. ಅವನು ಎಲ್ಲವನ್ನೂ ಕೇಳುತ್ತಿದ್ದ. ಡ್ರೈವರ್‌ನ ಅತ್ತೆಗೆ ಮಂಡಿ ಆಪರೇಷನ್ ಆದದ್ದು, ನರ್ಸಿಗೆ ಗಂಡು ನೋಡುತ್ತಿರುವುದು, ಬ್ಯಾಂಕಿನಾಕೆಯ ಮಗಳು ಮಾತು ಬಿಟ್ಟಿರುವುದು ಎಲ್ಲ ಅವನಿಗೆ ಗೊತ್ತಿತ್ತು. ಅವನ ವಿಷಯ ಅವರಿಗೇನೂ ಗೊತ್ತಿರಲಿಲ್ಲ. ಕುರ್ಚಿಯಿಂದ ಏಳುವಷ್ಟರಲ್ಲಿ ಅವರೆಲ್ಲ ಚೀಲ ಕಟ್ಟಿಕೊಂಡು, “ಬರ್ತೀವಿ ಸಾರ್” ಎಂದು ಮೆಟ್ಟಿಲಿಳಿಯುತ್ತಿದ್ದರು. ಭಾನುವಾರದ ಮಧ್ಯಾಹ್ನ ಎಲ್ಲರಿಗೂ ಮನೆಯಲ್ಲಿ ಯಾರಾದರೂ ಕಾದಿರುತ್ತಾರಲ್ಲ. ಆದರೂ ಆ ಎರಡು ಗಂಟೆ ಹನ್ನೊಂದು ಜನ ಅವನನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಅಷ್ಟು ಅವನಿಗೆ ಸಾಕಾಗಿತ್ತು. ಸಾಕು ಎಂದುಕೊಂಡಿದ್ದ.

ವರ್ಷಕ್ಕೊಮ್ಮೆ ಬಳಗದ ಪ್ರದರ್ಶನ. ಲೈಬ್ರರಿಯ ಕೆಳಗಿನ ಹಾಲಿನಲ್ಲಿ ಮೂರು ದಿನ. ಆ ವರ್ಷ ಮೇಷ್ಟ್ರು ಒಂದು ಇಡೀ ಗೋಡೆಯನ್ನು ಮೀಟರಪ್ಪನಿಗೇ ಬಿಟ್ಟುಕೊಟ್ಟರು. ಹನ್ನೊಂದು ಚಿತ್ರ, ಹನ್ನೊಂದೂ ಅವನದೇ ಮುಖ. ಕೆಳಗೆ ಬಿಡಿಸಿದವರ ಹೆಸರುಗಳಿದ್ದವು, ಕೂತವನದು ಎಲ್ಲೂ ಇರಲಿಲ್ಲ. ಅವನು ಮೊದಲ ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ಕಂಬದ ಪಕ್ಕ ನಿಂತಿದ್ದ. ಜನ ಬಂದರು, ನೋಡಿದರು. “ಯಾರೋ ದೊಡ್ಡ ಸಂಗೀತಗಾರರಿರಬೇಕು” ಎಂದು ಒಬ್ಬಾಕೆ ಗಂಡನಿಗೆ ಹೇಳಿದಳು. ಪಕ್ಕದಲ್ಲೇ ನಿಂತಿದ್ದವನತ್ತ ಇಬ್ಬರೂ ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಮಾತ್ರ ಗೋಡೆಯನ್ನೂ ಅವನನ್ನೂ ನೋಡಿ, “ಅಯ್ಯೋ, ಇದು ನಮ್ಮ ಮೀಟರ್ ಅಲ್ವಾ!” ಎಂದರು. ಅವನಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು.

ತಂಗಿಗೆ ಇದನ್ನೆಲ್ಲ ಹೇಳಿರಲಿಲ್ಲ. ಆದರೆ ಅವಳಿಂದ ಉಡುಪು ಹೊಲಿಸಿಕೊಳ್ಳುತ್ತಿದ್ದ ನೃತ್ಯ ಶಾಲೆಯ ಟೀಚರು ಪ್ರದರ್ಶನಕ್ಕೆ ಬಂದವರು ಅಲ್ಲಿಂದಲೇ ಫೋನ್ ಮಾಡಿದರಂತೆ: “ಗೋಡೆ ತುಂಬ ನಿಮ್ಮ ಅಣ್ಣನ ಮುಖ ಕಣ್ರೀ!” ಎರಡನೇ ದಿನ ಹನ್ನೊಂದು ಗಂಟೆಗೆ ಬಾಗಿಲಲ್ಲಿ ತಂಗಿ ನಿಂತಿದ್ದಳು. ಹಿಂದೆ ಭಾವ.

“ಲೈಬ್ರರಿ ಕೆಲಸ ಅಂದ್ರೆ ಇದಾ? ಕಳ್ಳ!” ಎಂದು ನಗುತ್ತ ಬಂದಳು. ಕೈಹಿಡಿದು ಎಳೆದುಕೊಂಡು ಗೋಡೆಯ ಬಳಿ ಹೋದಳು. ಮೊದಲ ಚಿತ್ರಕ್ಕೆ ನಕ್ಕಳು. ಕ್ಷೌರದಂಗಡಿಯವನದು, ತಲೆಗೂದಲು ಮಾತ್ರ ಅಚ್ಚುಕಟ್ಟಾಗಿತ್ತು. ಎರಡನೆಯದಕ್ಕೆ, “ಕಿವಿ ನೋಡು, ಆನೆ ಕಿವಿ” ಎಂದಳು. ಭಾವ ಹತ್ತಿರ ಬಗ್ಗಿ ನೋಡಿ, “ಇದರಲ್ಲಿ ಕನ್ನಡಕ ತಪ್ಪು ಬಿಡಿಸಿದ್ದಾರೆ. ಇಷ್ಟು ಅಗಲದ ಫ್ರೇಮು ಈ ಮುಖಕ್ಕೆ ನಾನು ಕೊಡೋದೇ ಇಲ್ಲ” ಎಂದು ಗಂಭೀರವಾಗಿ ಹೇಳಿದರು. ನಾಲ್ಕನೆಯ, ಐದನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಅವಳ ನಗು ನಿಂತಿತ್ತು. ಒಂದೊಂದನ್ನೂ ನಿಧಾನವಾಗಿ ನೋಡುತ್ತ ನಡೆದಳು. ಕೊನೆಗೆ ಬ್ಯಾಂಕಿನಾಕೆ ಬಿಡಿಸಿದ ಚಿತ್ರದ ಎದುರು ನಿಂತುಬಿಟ್ಟಳು.

ಅದು ಎಲ್ಲಕ್ಕಿಂತ ಸಣ್ಣ ಚಿತ್ರ. ಬರಿಯ ಪೆನ್ಸಿಲ್. ಕಿಟಕಿಯ ಕಡೆ ನೋಡುತ್ತಿರುವ ಮುಖ. ಹೆಚ್ಚು ಗೆರೆಗಳೇ ಇರಲಿಲ್ಲ.

ಅವಳು ತಿರುಗದೆಯೇ ಕೇಳಿದಳು: “ಅಣ್ಣ, ನೀನು ಹೀಗಿದ್ದೀಯಾ?”

“ಹೇಗೆ?”

“ಹೀಗೆ.”

ಮೀಟರಪ್ಪನಿಗೆ ಅದು ಅರ್ಥವಾಯಿತು. ಹನ್ನೊಂದು ಜನರಿಗೆ ಮೂಗು ಬೇರೆಬೇರೆಯಾಗಿ ಬಂದಿತ್ತು, ಗಲ್ಲ ಬೇರೆಬೇರೆಯಾಗಿ ಬಂದಿತ್ತು. ಒಂದು ವಿಷಯ ಮಾತ್ರ ಎಲ್ಲರ ಕಾಗದದಲ್ಲೂ ಒಂದೇ ಥರ ಬಂದಿತ್ತು. ಅವನು ಅದನ್ನು ನಿನ್ನೆಯಿಂದ ನೋಡಿಯೂ ನೋಡದವನಂತೆ ನಿಂತಿದ್ದ.

“ಅಯ್ಯೋ, ಅದಾ? ಮೇಷ್ಟ್ರು ಹಾಗೆ ಕೂರೋಕೆ ಹೇಳಿದ್ರು. ಬೇಜಾರಿನ ಮುಖ ಮಾಡಿ ಅಂತ. ಅದೇನೋ ಅಭ್ಯಾಸವಂತೆ. ನಗೋ ಮುಖ ಸುಲಭ, ಬೇಜಾರಿನ ಮುಖ ಕಷ್ಟ ಅಂತ...”

ಮಾತು ಎಲ್ಲೆಲ್ಲೋ ಹೋಗುತ್ತಿತ್ತು. ಆಚೆ ಮೇಜಿನ ಬಳಿ ಅತಿಥಿಗಳ ರುಜುವಿನ ಪುಸ್ತಕ ಹಿಡಿದಿದ್ದ ಡ್ರಾಯಿಂಗ್ ಮೇಷ್ಟ್ರು ತಲೆ ಎತ್ತಿದರು. ಒಂದು ಗಳಿಗೆ ಇವನ ಮುಖ ನೋಡಿದರು. ಆಮೇಲೆ ಹತ್ತಿರ ಬಂದು, “ಹೌದಮ್ಮ, ನಾನೇ ಹೇಳಿದ್ದು. ಪಾಪ, ಆರು ತಿಂಗಳು ನಗದೆ ಕೂತಿದ್ರು ನಿಮ್ಮ ಅಣ್ಣ. ಒಳ್ಳೆ ನಟರು” ಎಂದರು.

ತಂಗಿ ಮೇಷ್ಟ್ರನ್ನು ನೋಡಿದಳು, ಅಣ್ಣನನ್ನು ನೋಡಿದಳು. “ಓ, ಹಾಗಾ” ಎಂದಳು.

ಮನೆಗೆ ಬಂದರು. ಅವಳು ಸೀದಾ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು. ಬ್ರೆಡ್ಡು, ಮೊಟ್ಟೆ, ಅರ್ಧ ಒಣಗಿದ ನಿಂಬೆಹಣ್ಣು. ತೊಳೆದಿಟ್ಟ ಒಂದು ತಟ್ಟೆ, ಒಂದು ಲೋಟ. ಅವಳ ಕೋಣೆ ಅವಳು ಬಿಟ್ಟುಹೋದ ಹಾಗೇ ಇತ್ತು. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ, ಕತ್ತರಿ, ಟೇಪು, ನೂಲಿನ ಉಂಡೆಗಳನ್ನು ಸಾಲಾಗಿ ಜೋಡಿಸಿದ್ದ. ಧೂಳು ಇರಲಿಲ್ಲ. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ದಿನಾ ಒರೆಸ್ತೀಯಾ?”

“ಧೂಳು ಕೂತ್ರೆ ತುಕ್ಕು ಹಿಡಿಯುತ್ತೆ.”

“ಅಣ್ಣ, ನಮ್ಮ ಜೊತೆ ಬಂದುಬಿಡು. ಅಲ್ಲಿ ಒಂದು ಕೋಣೆ ಖಾಲಿ ಬಿದ್ದಿದೆ. ಇವರೇ ಹೇಳಿದ್ದು. ಏನ್ರೀ, ಹೇಳಿ.”

“ಹೌದು ಭಾವ, ಬನ್ನಿ ಭಾವ” ಎಂದರು ಭಾವ. ಅವರು ನಿಜವಾಗಿಯೇ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ. ಅದೇ ಕಷ್ಟವಾಗಿತ್ತು.

ಮೀಟರಪ್ಪ ಕಿಟಕಿ ತೆರೆದು ಮತ್ತೆ ಮುಚ್ಚಿದ. “ಅದೆಲ್ಲ ಆಮೇಲೆ. ಮೊದಲು ನೀನು ಈ ಮಿಷನ್ ತಗೊಂಡು ಹೋಗು. ನನಗೆ ಈ ಕೋಣೆ ಬೇಕು.”

“ಯಾತಕ್ಕೆ?”

“ಬೇಕು.”

“ಅಲ್ಲಿ ಹೊಸ ಮಿಷನ್ ಕೊಡಿಸ್ತಾರಂತೆ ಇವರು. ಇದು ಇಲ್ಲೇ ಇರಲಿ. ಬಂದಾಗ...”

“ಬಂದಾಗ ಯಾಕೆ ಹೊಲೀತೀಯ? ಬಂದಾಗ ಉಂಡು ಮಾತಾಡಿ ಹೋಗು. ನಿನ್ನ ಸಾಮಾನು ನಿನ್ನ ಮನೇಲಿರಲಿ, ಪುಟ್ಟಿ.”

ಅವಳ ಮುಖ ಕೆಂಪಾಯಿತು. “ನನ್ನನ್ನ ಓಡಿಸ್ತಿದ್ದೀಯಾ?”

“ಹೂಂ. ಓಡಿಸ್ತಿದ್ದೀನಿ.”

ಅವಳು ಮಿಷನ್ನಿನ ಮೇಲಿನ ಬಟ್ಟೆ ತೆಗೆದು ಮಡಿಸಿದಳು. ಭಾವ ಹೋಗಿ ಸಾಮಾನು ಸಾಗಿಸುವ ಗಾಡಿ ಕರೆತಂದರು. ಗಂಡಸರಿಬ್ಬರೂ ಸೇರಿ ಮಿಷನ್ ಎತ್ತಿದರು. ಬಾಗಿಲ ಬಳಿ, “ಸ್ವಲ್ಪ ಎಡಕ್ಕೆ ಭಾವ”, “ಹೊಸ್ತಿಲು ನೋಡಿಕೊಳ್ಳಿ ಭಾವ” ಎಂದುಕೊಳ್ಳುತ್ತ ಹೊರಗೆ ತಂದರು. ಅವರಿಬ್ಬರ ನಡುವೆ ಅಷ್ಟೊಂದು ಮಾತು ಅದೇ ಮೊದಲು. ತಂಗಿ ನೂಲಿನ ಉಂಡೆಗಳನ್ನು ಚೀಲಕ್ಕೆ ತುಂಬಿಕೊಂಡಳು. ಹೊರಡುವಾಗ ಅಣ್ಣನ ಅಂಗಿಯ ಕಾಲರನ್ನು ಸರಿಮಾಡಿದಳು, ಅದು ಸರಿಯಾಗಿಯೇ ಇದ್ದರೂ.

ಗಾಡಿ ಹೋದ ಮೇಲೆ ಅವನು ಆ ಕೋಣೆಯ ಬಾಗಿಲಲ್ಲಿ ನಿಂತ. ಮಿಷನ್ನಿನ ನಾಲ್ಕು ಕಾಲು ಊರಿದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿಯ ಗುರುತುಗಳಿದ್ದವು. ಕೋಣೆ ಯಾತಕ್ಕೆ ಬೇಕಿತ್ತೆಂದು ಅವನಿಗೂ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಸಂಜೆ ಡ್ರಾಯಿಂಗ್ ಮೇಷ್ಟ್ರು ಮನೆಗೆ ಬಂದರು. ಅವರು ಎಂದೂ ಬಂದವರಲ್ಲ. ಮೀಟರಪ್ಪ ಸಂಭ್ರಮದಿಂದ ಕುರ್ಚಿ ಎಳೆದು, ಟೀಗೆ ನೀರಿಟ್ಟ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಮೇಷ್ಟ್ರು ಅದನ್ನು ನೋಡಿ, ಕಂಕುಳಲ್ಲಿದ್ದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡರು.

“ಒಂದು ವಿಷಯ ಹೇಳೋಕೆ ಬಂದೆ. ನಾಳೆಯಿಂದ ಬೇರೆಯವರು ಕೂರ್ತಾರೆ. ಅಂಚೆ ಕಚೇರಿಯಲ್ಲಿದ್ದ ಒಬ್ಬರು ಅಜ್ಜಿ. ನಮ್ಮವರಿಗೆ ನಿಮ್ಮ ಮುಖ ಎಷ್ಟು ರೂಢಿಯಾಗಿಬಿಟ್ಟಿದೆ ಅಂದ್ರೆ, ಈಗ ನಿಮ್ಮನ್ನ ನೋಡದೆನೇ ಬಿಡಿಸ್ತಿದ್ದಾರೆ. ಅದು ಕೈಗೆ ಒಳ್ಳೇದಲ್ಲ. ತಪ್ಪು ತಿಳೀಬೇಡಿ.”

“ಛೆ ಛೆ, ಅದರಲ್ಲೇನಿದೆ ತಪ್ಪು ತಿಳಿಯೋದು” ಎಂದ ಮೀಟರಪ್ಪ. ಟೀ ಸೋಸಿ ಲೋಟ ಮುಂದಿಟ್ಟ. “ನನಗೂ ಬೆನ್ನು ನೋವು ಶುರುವಾಗಿತ್ತು. ನಾನೇ ಹೇಳಬೇಕು ಅಂತಿದ್ದೆ.”

ಮೇಷ್ಟ್ರು ಟೀ ಕುಡಿದರು. “ಆವತ್ತು ನಿಮ್ಮ ತಂಗಿಗೆ ಸುಳ್ಳು ಹೇಳಿದೆ. ನೀವು ಮುಳುಗ್ತಿರೋ ಥರ ಕಂಡ್ರಿ, ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಒಳ್ಳೇದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ, ವಾರದಿಂದ ತಲೆಯಲ್ಲಿ ಕೊರೀತಾ ಇದೆ.”

“ಒಳ್ಳೇದೇ ಮಾಡಿದ್ರಿ ಮೇಷ್ಟ್ರೇ.”

“ನಾನು ಯಾರಿಗೂ ಮುಖ ಹೀಗಿಡಿ ಹಾಗಿಡಿ ಅಂತ ಇಷ್ಟು ವರ್ಷದಲ್ಲಿ ಹೇಳಿದವನಲ್ಲ.” ಅವರು ಎದ್ದು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. “ಬ್ಯಾಂಕಿನ ಮೇಡಂ ಇದನ್ನ ನಿಮಗೆ ಕೊಡೋಕೆ ಹೇಳಿದ್ರು. ಅವರಿಗೆ ನಿಮ್ಮ ಹತ್ರ ಮಾತಾಡಬೇಕು ಅಂತ ಬಹಳ ಸಲ ಅನ್ನಿಸಿತ್ತಂತೆ. ಏನು ಅಂತ ಶುರು ಮಾಡೋದು ಅಂತ ಗೊತ್ತಾಗಲಿಲ್ಲವಂತೆ.”

ಅವರು ಹೋದ ಮೇಲೆ ಅವನು ಪೊಟ್ಟಣ ಬಿಚ್ಚಲಿಲ್ಲ. ಒಳಗಿದ್ದದ್ದು ಯಾವ ಚಿತ್ರ ಎಂದು ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅಭ್ಯಾಸಬಲದಿಂದ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟ. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತ. ಹತ್ತು ಗಂಟೆಯಾಯಿತು. ಹನ್ನೆರಡಾಯಿತು. ಬೀದಿಯಲ್ಲಿ ಯಾರದೋ ಮನೆಗೆ ನೆಂಟರು ಬಂದು ಕಾರಿನ ಬಾಗಿಲುಗಳು ಬಡಿದವು. ಸಂಜೆ ತಂಗಿ ಫೋನ್ ಮಾಡಿ, “ಬಳಗ ಹೇಗಿತ್ತು?” ಎಂದಳು. “ಚೆನ್ನಾಗಿತ್ತು” ಎಂದ. ಸೋಮವಾರ ಹೋಯಿತು. ಮಂಗಳವಾರ ಬೆಳಿಗ್ಗೆ ಹಾಲಿನವನ ಹತ್ತಿರ ‘ಒಂದು ಲೀಟರ್’ ಎಂದು ಹೇಳಲು ಹೋದಾಗ ಗಂಟಲಿನಿಂದ ದನಿ ಹೊರಡಲಿಲ್ಲ. ಕೆಮ್ಮಿ ಮತ್ತೆ ಹೇಳಬೇಕಾಯಿತು. ಭಾನುವಾರ ಸಂಜೆಯ ನಂತರ ತಾನು ಬಾಯಿ ಬಿಟ್ಟಿದ್ದು ಅದೇ ಮೊದಲೆಂದು ಅವನಿಗೆ ಆಗ ಹೊಳೆಯಿತು. ಸೋಮವಾರ ತಂಗಿಯ ಫೋನ್ ಬಂದಾಗ ಅವನು ಎತ್ತಿರಲಿಲ್ಲ.

ಒಳಗೆ ಬಂದು ಹಾಲನ್ನು ಒಲೆಯ ಮೇಲಿಟ್ಟು, ಅದು ಉಕ್ಕುವ ಮೊದಲೇ ಒಲೆ ಆರಿಸಿ, ಫೋನ್ ತೆಗೆದುಕೊಂಡ. ಅವನಾಗಿ ಅವಳಿಗೆ ಫೋನ್ ಮಾಡುವುದೇ ಕಡಿಮೆ, ಅದರಲ್ಲೂ ಬೆಳಗಿನ ಹೊತ್ತು ಎಂದೂ ಇಲ್ಲ.

“ಏನಾಯ್ತು ಅಣ್ಣ?” ಅವಳ ದನಿ ಗಾಬರಿಯಾಗಿತ್ತು. ಗಂಡನ ಕನ್ನಡಕದ ಅಂಗಡಿಯಲ್ಲಿದ್ದಳು, ಹಿಂದೆ ರಸ್ತೆಯ ಸದ್ದು ಕೇಳುತ್ತಿತ್ತು. “ನಿನ್ನೆ ಯಾಕೆ ಫೋನ್ ಎತ್ತಲಿಲ್ಲ?”

“ಏನೂ ಆಗಿಲ್ಲ.”

“ಮತ್ತೆ?”

“ಬೇಜಾರು ಕಣೇ.” ಒಂದು ಸಲ ಬಾಯಿಂದ ಬಂದ ಮೇಲೆ ಅದು ಅಷ್ಟೇನೂ ಭಾರವಾದ ಮಾತಾಗಿರಲಿಲ್ಲ. “ತುಂಬ ಬೇಜಾರು. ಬಳಗಕ್ಕೆ ಬೇರೆಯವರು ಬಂದ್ರು. ಭಾನುವಾರ ನಾನು ಹೋಗಲೇ ಇಲ್ಲ. ಆ ಚಿತ್ರದಲ್ಲಿರೋದು ನಾನೇ. ಮೇಷ್ಟ್ರು ಏನೂ ಹೇಳಿರಲಿಲ್ಲ.”



“ಗೊತ್ತು” ಎಂದಳು. “ಆವತ್ತೇ ಗೊತ್ತಾಯ್ತು. ಯಾವ ಕಾಲದಲ್ಲಿ ನಟನೆ ಬಂದಿತ್ತು ನಿನಗೆ? ರಾಜನ ಅಂಗಿ ಹಾಕಿ ನಿಲ್ಲಿಸಿದ್ರೂ ಮೀಟರ್ ಓದೋನ ಥರಾನೇ ನಿಂತಿರ್ತಿದ್ದೆ. ನೀನಾಗಿ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಹೇಳೋದು ಬಿಟ್ಟು ಮಿಷನ್ ಎತ್ತಿ ಕಳಿಸಿದೆ.” ಅವಳು ಮೂಗು ಎಳೆದುಕೊಂಡ ಸದ್ದು ಕೇಳಿಸಿತು. “ವಾಪಸ್ ಬರ್ಲಾ?”

“ಬೇಡ. ಅದಕ್ಕೇ ಹೇಳಿರಲಿಲ್ಲ ಇಷ್ಟು ದಿನ. ನೀನು ಬರಬೇಡ, ನಾನೂ ಅಲ್ಲಿಗೆ ಬಂದು ಇರಲ್ಲ. ಸುಮ್ಮನೆ ಕೇಳ್ಕೋ ಅಷ್ಟೇ.”

“ಸರಿ, ಹೇಳು. ಕೇಳ್ತೀನಿ.”

ಹೇಳಲು ಹೊರಟರೆ ದೊಡ್ಡದೇನೂ ಇರಲಿಲ್ಲ. ಹಾಲಿನವನ ಎದುರು ದನಿ ಹೊರಡದಿದ್ದದ್ದು. ಮೀಟರಿನ ಅಂಕಿ ಮೂರಾದದ್ದು. ಕುರ್ಚಿಯಲ್ಲಿ ಕೂತಾಗ ಹನ್ನೊಂದು ಜನ ನೋಡುತ್ತಿದ್ದದ್ದು ಎಷ್ಟು ಹಿತವಾಗಿತ್ತು ಎಂಬುದು. ಅವಳ ಮನೆಯ ಹೂವಿನ ಚಿತ್ತಾರದ ತಟ್ಟೆ ಕಂಡರೆ ತನಗೆ ಆಗುವುದಿಲ್ಲ ಎಂಬುದನ್ನೂ ಹೇಳಿದ. ಅವಳು ಅಳುತ್ತಿದ್ದವಳು ಅದಕ್ಕೆ ನಕ್ಕಳು. ನಡುವೆ ಗಿರಾಕಿ ಬಂದರು. “ಒಂದು ನಿಮಿಷ ಅಣ್ಣ, ಇಡಬೇಡ” ಎಂದಳು. ಅವನು ಫೋನನ್ನು ಕಿವಿಗೆ ಹಿಡಿದೇ ಕೂತ. ದೂರದಲ್ಲಿ ಭಾವ ಯಾರಿಗೋ, “ಕೊನೆಯ ಸಾಲು ಓದಿ... ಈಗ ಬಲಗಣ್ಣು ಮುಚ್ಚಿಕೊಳ್ಳಿ” ಎನ್ನುತ್ತಿದ್ದದ್ದು ಕೇಳಿಸಿತು. ಹಾಲು ತಣ್ಣಗಾಗಿ ಕೆನೆ ಕಟ್ಟಿತ್ತು. ಹತ್ತು ನಿಮಿಷವಾದ ಮೇಲೆ ಅವಳು ಬಂದು, “ಇದ್ದೀಯಾ?” ಎಂದಳು.

ಆಮೇಲೆ ಒಂದು ಒಪ್ಪಂದವಾಯಿತು. ಗುರುವಾರ ಭಾವ ಊರಿಗೆ ಬರುವಾಗ ತಿಂಗಳಿಗೆ ಎರಡು ಸಲ ಅವಳೂ ಜೊತೆಗೆ ಬರುವುದು, ಉಳಿದ ಎರಡು ಗುರುವಾರ ಭಾವ ಒಬ್ಬರೇ ಮನೆಗೆ ಊಟಕ್ಕೆ ಬರುವುದು. ಮೊದಲ ಗುರುವಾರ ಭಾವ ಒಬ್ಬರೇ ಬಂದರು. ಇಬ್ಬರೂ ಮೊಟ್ಟೆ ಬೇಯಿಸಿಕೊಂಡು ತಿಂದರು. ಮಾತು ಹೆಚ್ಚೇನೂ ಆಡಲಿಲ್ಲ. ಹೊರಡುವಾಗ ಭಾವ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, “ಕೊಡಿ ಭಾವ, ನಿಮ್ಮ ಕನ್ನಡಕ ಒಂದು ಕಡೆ ಇಳಿದಿದೆ” ಎಂದರು.

“ಅದು ಕನ್ನಡಕ ಅಲ್ಲ, ನನ್ನ ಎಡಗಣ್ಣೇ ಸ್ವಲ್ಪ ಕೆಳಗಿದೆ” ಎಂದ ಮೀಟರಪ್ಪ.

ಭಾವ ಹತ್ತಿರ ಬಂದು ಬೆಳಕಿಗೆ ಅವನ ಗಲ್ಲ ಹಿಡಿದು ತಿರುಗಿಸಿ ನೋಡಿದರು. “ಹೌದಲ್ಲ” ಎಂದರು.

ಶುಕ್ರವಾರದಿಂದ ಬುಧವಾರದವರೆಗಿನ ದಿನಗಳು ಮೊದಲಿನಷ್ಟೇ ಉದ್ದವಾಗಿದ್ದವು. ಆದರೆ ಈಗ ಸಂಜೆಯ ಫೋನಿಗೆ ಅವನು ಕೆಲವು ದಿನ, “ಇವತ್ತು ಚೆನ್ನಾಗಿಲ್ಲ” ಎನ್ನುತ್ತಿದ್ದ. ಅವಳು, “ಸರಿ, ಹೇಳು” ಎನ್ನುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವನು ಲೈಬ್ರರಿಯ ಮೆಟ್ಟಿಲ ಬಳಿ ಹೋಗಿ ನಿಂತ. ಬಳಗ ಮುಗಿದು ಜನ ಇಳಿದು ಬಂದರು. ಬ್ಯಾಂಕಿನಾಕೆ ಅವನನ್ನು ಕಂಡು ಮೆಟ್ಟಿಲ ಮೇಲೆಯೇ ನಿಂತಳು.

“ಚಿತ್ರ ಚೆನ್ನಾಗಿದೆ ಮೇಡಂ” ಎಂದ. ಆಮೇಲೆ, ಅವಳು ಹೊರಟುಬಿಡುತ್ತಾಳೇನೋ ಎಂದು ಅವಸರದಲ್ಲಿ, “ನಿಮ್ಮ ಮಗಳು ಈಗ ಮಾತಾಡ್ತಾಳಾ?” ಎಂದು ಕೇಳಿದ.

ಅವಳಿಗೆ ಆಶ್ಚರ್ಯವಾಯಿತು. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, “ಇಲ್ಲ ಸಾರ್, ಇನ್ನೂ ಇಲ್ಲ” ಎಂದಳು. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದು ಹೋದರು.